ಬುಡ ಸಪಾಟ ಇರಬೇಕ್ರಿ

ಪಾತ್ರಿ ಅಂಗಡಿಯೊಳಗ ಕೆಲಸ ಮಾಡಾವ ಗಂಭೀರ ಇರೋಣಂದ್ರೂ ಗಿರಾಕಿ ಇರಗೊಡಂಗಿಲ್ಲ. ರಾಯಚೂರಿನ ನಮ್ಮ ಅಂಗಡಿಗೆ ಗಾಜಿನ ಒಲಿ ಬಂದ ಮ್ಯಾಲಂತೂ ದಿನಾ ಒಂದು ಕಥಿ. ಮ್ಯಾಲ ಕರಿ ಗಾಜು, ಒಳಗ ಕರೆಂಟು. ಗಾಜು ಕಾಯ್ತದ, ಅದರ ಮ್ಯಾಲಿನ ಪಾತ್ರಿ ಕಾಯ್ತದ. ನಮ್ಮ ಸಾವಕಾರ್ರು ಮೊದಲಿಗೆ ಮೂರು ತರಿಸಿದ್ರು. ಆಮ್ಯಾಲ ನನ್ನ ಕರದು, "ಒಡದ ಗಾಜಿಗೆ ಕಂಪನಿ ಗ್ಯಾರಂಟಿ ಕೊಡಂಗಿಲ್ಲ. ಹೆಂಗ ಜ್ವಾಪಾನ ಮಾಡಬೇಕಂತ ಗಿರಾಕಿಗೆ ಹೇಳಿಕೊಡೋದು ನಿನ್ನ ಕೆಲಸ. ಒಂದು ಗಾಜು ಒಡದು ವಾಪಸ್ ಬಂತಂದ್ರ ನೀ ಗೋದಾಮಿಗೆ ಹೋಗಿ ಇಲಿ ಕಾಯಿ" ಅಂದ್ರು. ಗೋದಾಮಿನೊಳಗ ಫ್ಯಾನಿಲ್ಲ. ರಾಯಚೂರಿನ ಬಿಸಿಲು ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹಂಗಾಗಿ ನಾನು ಹೋದಲ್ಲೆಲ್ಲ ಒಂದ ಪಾಠ ಹೇಳ್ತಿದ್ದೆ: ಪಾತ್ರಿ ಬುಡ ಸಪಾಟ ಇರಬೇಕ್ರಿ. ಗಾಜಿನ ಮ್ಯಾಲ ಜಗ್ಗಬಾರದು, ಎತ್ತಿ ಇಡಬೇಕು. ಬೂದಿ, ತಂತಿ ಬ್ರಶ್ಶು ಹಚ್ಚಿ ತಿಕ್ಕಬಾರದು. ಆರಿದ ಮ್ಯಾಲ ಹಸಿ ಅರಿವಿಲೆ ಒರಸಬೇಕು.

ಗಲ್ಲಾ

ಮೊದಲನೇ ಒಲಿ ತಗೊಂಡವರು ರಾಯಚೂರಿನವರ, ಅಕ್ಕಿ ಮಿಲ್ಲಿನ ಮಾಲಕರು. ಒಲಿ ಡಬ್ಬಿ ಬಗಲಾಗ ಇಟ್ಕೊಂಡು ಪಾತ್ರಿ ಆರಿಸಾಕ ನಿಂತ್ರು. "ಸಪಾಟ ಅದನೋ ಇಲ್ಲೋ ಹೆಂಗ ತಿಳೀತದ?" ಅಂತ ಕೇಳಿದ್ರು. "ಟೇಬಲ್ಲಿನ ಮ್ಯಾಲ ಇಟ್ಟು ಅಂಚು ಒತ್ತಿ ನೋಡ್ರಿ, ಅಲುಗಾಡಬಾರದು" ಅಂದೆ.

ಮಿಲ್ಲಿನವರು ಒಂದು ಪಾತ್ರಿ ತಗೊಂಡು, ನಮ್ಮ ಸಾವಕಾರ್ರು ರೊಕ್ಕ ಎಣಿಸೋ ಗಲ್ಲಾ ಟೇಬಲ್ಲಿನ ಮ್ಯಾಲ ಇಟ್ಟು ಒತ್ತಿದ್ರು. ಟಕ್ ಟಕ್. ಇನ್ನೊಂದು ಇಟ್ರು, ಅದೂ ಟಕ್ ಟಕ್. ದಪ್ಪ ಬುಡದ ಸ್ಟೀಲು, ತುಟ್ಟಿ ಮಾಲು, ಯಾವುದೂ ಬಿಡಲಿಲ್ಲ. "ಇಡೀ ಅಂಗಡಿಯಾಗ ಒಂದೂ ನೆಟ್ಟಗಿಲ್ಲಲ್ರಿ" ಅಂದ್ರು. ಕಡಿಗೆ ಅವರ ಒಲಿ ಡಬ್ಬಿನ ಬಿಚ್ಚಿ, ಗಾಜಿನ ಮ್ಯಾಲ ಒಂದೊಂದ ಪಾತ್ರಿ ಇಟ್ಟು ನೋಡಿದ್ವಿ. ಒಂದೂ ಅಲುಗಾಡಲಿಲ್ಲ.

ಮಿಲ್ಲಿನವರು ಟೇಬಲ್ಲಿನ ಮ್ಯಾಲ ಕೈ ಆಡಿಸಿ, ಸಾವಕಾರ್ರಿಗೆ ಕೇಳೋಹಂಗ ಹೇಳಿದ್ರು: "ಮಾಲು ನೆಟ್ಟಗ ಅದ ತಮ್ಮಾ. ನಿಮ್ಮ ಗಲ್ಲಾನ ಸೊಟ್ಟ ಅದ."

ಒಂದು ಗೀರಿಲ್ಲ

ಎರಡನೇದು ದೇವದುರ್ಗಕ್ಕ ಹೋತು, ದವಾಖಾನಿಯಾಗ ನರ್ಸ್ ಇದ್ದ ಒಬ್ಬ ಅಕ್ಕಾರ ಮನಿಗೆ. ಮುಂದ ಕುಕ್ಕರ್ ಕೊಡಾಕ ಹೋದಾಗ ಒಲಿ ನೋಡಿದೆ. ಮ್ಯಾಲ ಕಸೂತಿ ಹಾಕಿದ ಬಟ್ಟಿ ಹೊಚ್ಚಿದ್ರು.

"ಗೀರು ಗೀರು ಬಿದ್ದಾವೇನಕ್ಕಾ?"

"ಒಂದೂ ಇಲ್ಲ ನೋಡು" ಅಂತ ಬಟ್ಟಿ ಎತ್ತಿದ್ರು. ಗಾಜಿನಾಗ ನನ್ನ ಮಾರಿ ಕಂಡ್ತು. ಭಾಳ ಖುಷಿ ಆತು.

"ಅನ್ನ ಲಗೂನ ಆಗ್ತದೇನ್ರಿ?"

"ಅನ್ನ ಗ್ಯಾಸಿನ ಮ್ಯಾಲ ಮಾಡ್ತೀನಿ."

"ಸಾರು?"

"ಅದೂ ಗ್ಯಾಸಿನ ಮ್ಯಾಲ."

"ಮತ್ತ ಇದರ ಮ್ಯಾಲ?"

ಅಕ್ಕಾರು ಬಟ್ಟಿ ಮತ್ತ ಹೊಚ್ಚಿದ್ರು. "ನೀನ ಹೇಳಿದ್ದಿ ಅಲ್ಲ ತಮ್ಮಾ, ಜ್ವಾಪಾನ ಮಾಡ್ರಿ ಅಂತ. ಅಡಿಗಿ ಮಾಡಿದ್ರ ಜ್ವಾಪಾನ ಹೆಂಗಾಗ್ತದ?"

ಬಿಳಿ ಕಲಿ

ಮೂರನೇದು ಮಾನ್ವಿಯೊಳಗ, ಸಾಲಿ ಟೀಚರ್ ಒಬ್ಬರ ಮನಿಗೆ. ಚೀಕಲಪರ್ವಿಯಿಂದ ಬಂದ ಅವರ ತಾಯಿನೂ ಅಲ್ಲೇ ಇದ್ರು. ಒಲಿ ಕೂಡಿಸೋ ದಿನ ಟೀಚರ್ ಫೋನ್ ನೋಡಾಕತ್ತಿದ್ರು; ಆ ಯವ್ವ ಮಾತ್ರ ಕೈ ಕಟ್ಟಿ ಕುಂತು ನನ್ನ ಪಾಠ ಪೂರ್ತಿ ಕೇಳಿದ್ರು.

ಸ್ವಲ್ಪ ದಿನಕ್ಕ ಟೀಚರ್ ಫೋನ್ ಮಾಡಿದ್ರು. "ನಿಮ್ಮ ಗಾಜು ಕೆಟ್ಟದ್ರಿ. ಸಾಲಿಯಿಂದ ಬಂದು ನೋಡಿದ್ರ ಬೆಳ್ಳಗ ಕಲಿ ಬಿದ್ದಿರ್ತದ. ಒರಸಿದ್ರ ಹೋಗ್ತದ, ಮರುದಿನ ಮತ್ತ ಬರ್ತದ."

"ಅಲ್ಯೂಮಿನಿಯಂ ಬೋಗಾಣಿ ಇಡ್ತೀರೇನ್ರಿ? ಅದರ ಗುರುತು ಹತ್ತತದ."

"ನೀವು ಕೊಟ್ಟ ಸ್ಟೀಲ್ ಪಾತ್ರಿನ ಇಡೋದು."

ನನಗ ಗೋದಾಮಿನ ಇಲಿ ಕಣ್ಣಮುಂದ ಬಂದ್ವು. ಸಾವಕಾರ್ರಿಗೆ ಹೇಳದಂಗ ಮಾನ್ವಿ ಬಸ್ ಹತ್ತಿದೆ. ಟೀಚರ್ ಸಾಲಿಯಾಗಿದ್ರು. ಬಾಗಲಾ ತಗದಿತ್ತು. ಅಡಿಗಿಮನಿಯಿಂದ ದಪ್ ದಪ್ ಅಂತ ಸಪ್ಪಳ ಬರಾಕತ್ತಿತ್ತು. ಒಳಗ ಹಣಿಕಿ ಹಾಕಿದೆ. ಯವ್ವ ಗಾಜಿನ ಒಲಿ ಮ್ಯಾಲ ಜ್ವಾಳದ ಹಿಟ್ಟು ಉದುರಿಸಿ ರೊಟ್ಟಿ ಬಡಿಯಾಕತ್ತಿದ್ರು. ಬಾಜೂಕ ಗ್ಯಾಸಿನ ಮ್ಯಾಲ ಹಂಚು ಕಾಯಾಕತ್ತಿತ್ತು.

"ಯವ್ವಾ, ಅದು ಒಲಿ ಅದ ಬೇ."

"ಗೊತ್ತದಪ. ನೀನ ಹೇಳಿದ್ದಿ ಅಲ್ಲ, ಬುಡ ಸಪಾಟ ಇದ್ದದ್ದ ಇಡ್ರಿ ಅಂತ. ನಮ್ಮ ಹಂಚಿನ ಬುಡ ಸೊಟ್ಟ ಅದ, ಅದಕ್ಕ ಗ್ಯಾಸಿನ ಮ್ಯಾಲ ಇಟ್ಟೀನಿ. ರೊಟ್ಟಿಗಿಂತ ಸಪಾಟ ಇನ್ನೇನದ? ಜಗ್ಗಂಗಿಲ್ಲ, ಎತ್ತಿ ಹಾಕ್ತೀನಿ. ಬೂದಿ ಹಚ್ಚಂಗಿಲ್ಲ, ಹಸಿ ಅರಿವಿಲೆ ಒರಸ್ತೀನಿ. ಕಣ್ಣು ಮಂಜು, ಅಲ್ಲಿಷ್ಟು ಇಲ್ಲಿಷ್ಟು ಹಿಟ್ಟು ಉಳಿತದ."

ನನ್ನ ಪಾಠದಾಗ ಒಂದು ಮಾತೂ ತಪ್ಪಿರಲಿಲ್ಲ. "ಹಿಂಗ ಬಡದು ಗಾಜು ಸೀಳಿದ್ರ ನನ್ನ ಕೆಲಸ ಹೋಗ್ತದವ್ವಾ" ಅಂತ ಕೈ ಮುಗದೆ.

"ನಾ ಗಾಜು ಎಲ್ಲಿ ಬಡಿತೀನಿ? ರೊಟ್ಟಿ ಬಡಿತೀನಿ. ಕುಂದ್ರು, ಉಣ್ಣು."

ಕುಂತೆ. ರೊಟ್ಟಿ ಹಪ್ಪಳದಂಗ ತೆಳ್ಳಗಿತ್ತು. ಪುಂಡಿಪಲ್ಯ ಹಚ್ಚಿಕೊಂಡು ಹೊಟ್ಟಿ ತುಂಬ ಉಂಡೆ, ರೊಟ್ಟಿ ಚಲೋ ಆಗ್ಯಾವ ಅಂದೆ. ಗಾಜು ತಿರುಗಾಮುರುಗಾ ನೋಡಿದೆ, ಒಂದು ಸೀಳಿಲ್ಲ. ಗೋದಾಮು ತಪ್ಪಿತು ಅಂತ ಬಸ್ಸಿನಾಗ ಆರಾಮ ನಿದ್ದಿ ಮಾಡಿದೆ.

ಮುಂದಿನ ವಾರ ಆ ಯವ್ವನ ಓಣಿಯಾಕಿ ಒಬ್ಬಾಕಿ ನಮ್ಮ ಅಂಗಡಿಗೆ ಬಂದು, ಸೀದಾ ಸಾವಕಾರ್ರನ್ನ ಕೇಳಿದ್ಳು: "ರೊಟ್ಟಿ ಬಡಿಯೋ ಗಾಜು ಅದಾವೇನ್ರಿ?"

"ಅಂಥಾದ್ದು ಎಲ್ಲೂ ಸಿಗಂಗಿಲ್ಲವ್ವಾ. ಗಾಜಿನ ಒಲಿ ಅದ, ನೋಡು" ಅಂತ ಸಾವಕಾರ್ರು ಹೊಸಾದು ಬಿಚ್ಚಿ ತೋರಿಸಿದ್ರು.

ಆಕಿ ಗಾಜಿನ ಮ್ಯಾಲ ಅಂಗೈಲೆ ನಾಕು ಸಲ ದಪ್ ದಪ್ ಬಡದು, ತಲಿ ಆಡಿಸಿದ್ಳು. "ಇದ ನೋಡ್ರಿ. ನಿಮ್ಮ ಹುಡುಗ ಕುಂತು ಉಂಡು ಹೋಗ್ಯಾನ, ರೊಟ್ಟಿ ಚಲೋ ಆಗ್ತಾವಂದಾನಂತ." ಆಮ್ಯಾಲ ಕರೆಂಟಿನ ವಾಯರ್ ಎತ್ತಿ ಹಿಡದು, "ಇದನ್ನ ಕತ್ತರಿಸಿಕೊಂಡು ರೇಟು ಕಮ್ಮಿ ಮಾಡ್ರಿ" ಅಂದ್ಳು.

ಸಾವಕಾರ್ರು ನಿಧಾನಕ ನನ್ನ ಕಡಿ ತಿರುಗಿದ್ರು. ಗಾಜು ಒಡದಿರಲಿಲ್ಲ ಖರೆ. ಆದ್ರೂ ಗೋದಾಮಿನ ಕೀಲಿ ನಾನ ತಗೊಂಡೆ.