ಮಾವನವರು ನೆಟ್ಟು ಕೊಂದ ಗಿಡಗಳು

ನಿಮ್ಮ ಮುತ್ತಜ್ಜ, ಅಂದರೆ ನನ್ನ ಮಾವನವರು, ತಮ್ಮ ಜೀವಮಾನದಲ್ಲಿ ಹನ್ನೊಂದು ಗಿಡಗಳನ್ನು ಕೊಂದರು. ಕೊಡಲಿ ಮುಟ್ಟಲಿಲ್ಲ, ಬೆಂಕಿ ಹಚ್ಚಲಿಲ್ಲ, ಆಡು ಬಿಟ್ಟು ಮೇಯಿಸಲಿಲ್ಲ. ನೆಟ್ಟು ಕೊಂದರು!

ಸುಳ್ಳಲ್ಲ ಮಕ್ಕಳೇ. ಅವುಗಳಲ್ಲಿ ನಾಲ್ಕು ನಾನು ಸೊಸೆಯಾಗಿ ಬರುವ ಮೊದಲೇ ಸತ್ತಿದ್ದವು. ಉಳಿದ ಏಳಕ್ಕೆ ನೀರು ಹೊತ್ತವಳು ನಾನು.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ನಮ್ಮ ಕಡೆ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ನಮ್ಮ ಮನೆಗಳವರು ಕಿರಿಸ್ತಾನರಾಗಿ ಎರಡು ತಲೆಮಾರು ಕಳೆದಿದ್ದವು. ದೇವರು ಬದಲಾದರೂ ಸೊಸೆಯರ ಕಟ್ಟಳೆ ಬದಲಾಗಿರಲಿಲ್ಲ ನೋಡಿ! ಹೆಸರಷ್ಟೇ ಅಲ್ಲ, ಅವರ ಎದುರು ಮಾತೂ ಇಲ್ಲ. ವರ್ಷಗಟ್ಟಲೆ ಬಾಗಿಲ ಹಿಂದೆ ನಿಂತು ಬಾಯಿ ಮುಚ್ಚಿಕೊಂಡಿದ್ದೆ. ಈಗ ಶಿರಗುಪ್ಪಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ, ಬೇಡ ಎನ್ನುವವರು ಯಾರೂ ಇಲ್ಲ. ನಿಮ್ಮ ಅಜ್ಜ ಇದ್ದಿದ್ದರೆ ಬರೆಯಗೊಡುತ್ತಿರಲಿಲ್ಲ. ಓದಿ ನಗಿರಿ. ನನ್ನ ಎದುರು ಗಟ್ಟಿಯಾಗಿ ಮಾತ್ರ ಓದಬೇಡಿ, ನಾಚಿಕೆಯಾಗುತ್ತದೆ.

ಮಾವನವರು ಹುಬ್ಬಳ್ಳಿಯಲ್ಲಿ ಸಾಲೆಯ ಮಾಸ್ತರರು. ಚಿಕ್ಕಂದಿನಲ್ಲಿ ಧಾರವಾಡದ ಒಬ್ಬ ಪರದೇಶದ ಪಾದ್ರಿಯ ಬಂಗಲೆಯಲ್ಲಿದ್ದು ಓದಿದವರು. ಆ ಪಾದ್ರಿಸಾಹೇಬರು ಅವರಿಗೆ ಏನೇನು ಕಲಿಸಿದರೋ ನನಗೆ ತಿಳಿಯದು. ನಮ್ಮ ತಲೆಗೆ ಬಂದದ್ದು ಎರಡು. ಕ್ರಿಸ್‌ಮಸ್ಸಿಗೆ ಮನೆಯೊಳಗೆ ಗಿಡ ನಿಲ್ಲಿಸಿ ಅದಕ್ಕೆ ದೀಪ ಹಚ್ಚಬೇಕು. ಹೊಸ ಗಿಡ ನೆಡುವುದಾದರೆ ಮಳೆಗಾಲ ಮುಗಿದು, ಎಲೆ ಉದುರಿ, ಚಳಿ ಬಲಿಯುವ ಮೊದಲು ನೆಡಬೇಕು.

ಪಾದ್ರಿಸಾಹೇಬರ ಊರಿನಲ್ಲಿ ಅದು ಸರಿಯೇ ಇದ್ದೀತು. ಅಲ್ಲಿ ಹಿಮ ಬೀಳುತ್ತದಂತೆ, ಗಿಡ ಮೇಲೆ ನಿದ್ದೆ ಹೋಗುತ್ತದಂತೆ, ಬೇರು ಒಳಗೆ ಹಸಿ ಹುಡುಕುತ್ತದಂತೆ. ನಮ್ಮ ಎರೆಮಣ್ಣಿನಲ್ಲಿ ದೀಪಾವಳಿ ಕಳೆದ ಮೇಲೆ ನಿದ್ದೆ ಹೋದ ಸಸಿ ಮತ್ತೆ ಏಳುವುದುಂಟೆ? ಡಿಸೆಂಬರ್ ಬರುವಷ್ಟರಲ್ಲಿ ನೆಲ ಬಿರಿದು, ಕೈ ತೂರುವಷ್ಟು ಬಾಯಿ ತೆರೆದಿರುತ್ತದೆ. ಗಿಡ ನೆಡುವುದು ಮಿರಗದ ಮಳೆಗೆ, ಜೂನ್ ತಿಂಗಳಲ್ಲಿ. ಇದು ನಮ್ಮೂರಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು. ಮಾವನವರಿಗೆ ಗೊತ್ತಿರಲಿಲ್ಲ. ಅವರು ಓದಿದವರು!

ಪಕ್ಕದ ಮನೆಯಲ್ಲಿ ತಗಡಿನ ಡಬ್ಬಿ ಮಾಡುವ ಹುಸೇನಸಾಬರು ಇದ್ದರು. ಪ್ರತಿ ವರ್ಷ ಮಾವನವರು ಸಲಿಕೆ ಹಿಡಿದು ಹಿತ್ತಲಿಗೆ ಇಳಿದ ಕೂಡಲೇ ಗೋಡೆಯ ಮೇಲೆ ಅವರ ಟೊಪ್ಪಿಗೆ ಕಾಣಿಸುತ್ತಿತ್ತು.

"ಮಾಸ್ತರ್ರ, ಮಿರಗಕ್ಕ ಹಚ್ಚ್ರಿ. ಈಗ ಹಚ್ಚಿದ್ರ ಒಣಗತೈತಿ."

"ಹುಸೇನಸಾಬ, ನೀ ತಗಡ ಬಲ್ಲಿ, ನಾ ಗಿಡ ಬಲ್ಲೆ."

"ಖರೇ ಐತ್ರಿ. ನಾ ಮಾಡಿದ ಡಬ್ಬಿ ಇನ್ನೂತನಾ ಒಂದೂ ಸತ್ತಿಲ್ಲ!"

ಮಾವನವರ ಹಟ ಏನೆಂದರೆ, ಸ್ವಂತ ಹಿತ್ತಲಲ್ಲಿ ಬೆಳೆದ ಸರ್ವೆ ಗಿಡಕ್ಕೆ ಕ್ರಿಸ್‌ಮಸ್ಸಿನ ದೀಪ ಹಚ್ಚಬೇಕು. ಸೂಜಿಯಂಥ ಎಲೆಯ ಆ ಗಿಡವೇ ಪಾದ್ರಿಸಾಹೇಬರ ದೇಶದ ಗಿಡಕ್ಕೆ ಹತ್ತಿರದ ಸಂಬಂಧಿಯಂತೆ. ಸರಿ, ನೆಟ್ಟರು. ನೀರು? ಓಣಿಯ ತುದಿಯ ಬಾವಿಯಿಂದ ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ, ಸೊಸೆಯ ಸೊಂಟದ ಮೇಲೆ. ನಾನು ತರುವ ಹೊತ್ತಿಗೆ ಮಾವನವರು ಕೊಡೆ ಊರಿಕೊಂಡು ಗುಂಡಿಯ ಹತ್ತಿರ ನಿಂತಿರುತ್ತಿದ್ದರು. ನನ್ನೊಡನೆ ನೇರ ಮಾತಿಲ್ಲವಲ್ಲ, ನಡುವೆ ಅತ್ತೆ ಬೇಕು.

"ಅಕಿಗೆ ಹೇಳು, ನೀರ ಬುಡಕ್ಕ ಸುರೀಬ್ಯಾಡಂತ. ಸುತ್ತ ಹಾಕಂತ."

ನಾನು ಎರಡು ಮಾರು ದೂರದಲ್ಲೇ ನಿಂತು ಎಲ್ಲವನ್ನೂ ಕೇಳುತ್ತಿದ್ದೆ. ಆದರೂ ಅತ್ತೆ ನನ್ನತ್ತ ತಿರುಗಿ, "ಬುಡಕ್ಕ ಸುರೀಬ್ಯಾಡಂತ. ಸುತ್ತ ಹಾಕಂತ" ಎನ್ನುವರು.

ನಾನು ಪಿಸುದನಿಯಲ್ಲಿ, "ಅತ್ತಿ, ಮಿರಗಕ್ಕ ಹಚ್ಚಿದ್ರ ನೀರ ಹೊರೂದ ಬೇಕಾಗಿಲ್ಲ ಅಂತ ಹೇಳ್ರಿ" ಎನ್ನುವೆ.

ಅತ್ತೆ ಮಾವನವರ ಕಡೆ ತಿರುಗಿ, "ಹೂಂ ಅಂತಾಳ್ರಿ" ಎನ್ನುವರು.

ಹೀಗೆ ನಾನು ವರ್ಷ ವರ್ಷವೂ ಹೂಂ ಎಂದೆ!

ನೀರು ಹೊತ್ತದ್ದರ ದುಃಖ ದೊಡ್ಡದಲ್ಲ. ನನ್ನ ಹೊಟ್ಟೆಯುರಿ ಬೇರೆ. ಓಣಿಯ ಉಳಿದ ಸೊಸೆಯರು ಪಂಚಮಿಗೆ ತವರಿಗೆ ಹೋಗಿ, ಜೋಕಾಲಿ ಆಡಿ, ಉಂಡೆ ಕಟ್ಟಿಸಿಕೊಂಡು ಬರುತ್ತಿದ್ದರು. ನಮಗೆ ಪಂಚಮಿ ಇಲ್ಲ. ನಮ್ಮ ಸೊಸೆಯರಿಗೆ ತವರೆಂದರೆ ಕ್ರಿಸ್‌ಮಸ್ಸು. ಆ ಕ್ರಿಸ್‌ಮಸ್ಸಿನ ಹೊತ್ತಿಗೆ ಗಿಡ ನೆಟ್ಟು ತಿಂಗಳಷ್ಟೇ ಆಗಿರುತ್ತಿತ್ತು! ಅತ್ತೆಗೆ ಮೊಣಕಾಲು ನೋವು, ಕೊಡ ಹೊರಲಾರರು. "ಅಕಿ ಹೋದ್ರ ಗಿಡಕ್ಕ ನೀರ ಯಾರ ಹಾಕ್ತಾರ?" ಎಂದು ಮಾವನವರು ಕೇಳಿದರೆ ಮುಗಿಯಿತು. ನಿಮ್ಮ ಅಜ್ಜ ರೈಲಿನ ಕಾರ್ಖಾನೆಯಲ್ಲಿ ಕಬ್ಬಿಣ ಬಗ್ಗಿಸುವವರು. ಅಪ್ಪನ ಎದುರು ಅವರಿಗೂ ನನ್ನಷ್ಟೇ ಬಾಯಿ. ಆರು ಕ್ರಿಸ್‌ಮಸ್ಸು ಹೀಗೆ ಹೋದವು. ನನ್ನ ತವರು ಶಿರಗುಪ್ಪಿ ಏನು ಸಮುದ್ರದಾಚೆ ಇತ್ತೆ? ಚಕ್ಕಡಿಯಲ್ಲಿ ಅರ್ಧ ದಿನದ ದಾರಿ!

ಇಷ್ಟಾಗಿಯೂ ಆ ಸಸಿ ಆ ವರ್ಷದ ಹಬ್ಬಕ್ಕೆ ಬರುವುದಿಲ್ಲ. ಗೇಣುದ್ದದ ಸಸಿಗೆ ಯಾರು ದೀಪ ಕಟ್ಟುತ್ತಾರೆ? ಆದ್ದರಿಂದ ಹಬ್ಬದ ಗಿಡವನ್ನು ಬೇರೆ ಕಡೆಯಿಂದಲೇ ತರಬೇಕು. ಉಣಕಲ್ಲ ಕೆರೆಯ ಆಚೆ ಒಬ್ಬ ಮಾಲಿಯ ತೋಟದಲ್ಲಿ ಸರ್ವೆಯ ಸಾಲಿತ್ತು. ಮಾವನವರು ಮುಂಜಾನೆಯೇ ರೊಟ್ಟಿ ಕಟ್ಟಿಸಿಕೊಂಡು, ಮಗನನ್ನು ಹಿಂದಿಟ್ಟುಕೊಂಡು ಹೊರಡುವರು. ಒಂದೊಂದು ಗಿಡಕ್ಕೂ ಮೂರು ಸುತ್ತು. ಕೊಡೆಯಿಂದ ಅಳೆಯುವುದು, ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡುವುದು. ಇದರ ತಲೆ ಡೊಂಕು, ಅದರ ಬೆನ್ನು ಬೋಳು, ಇನ್ನೊಂದು ನಿಂತ ರೀತಿಯಲ್ಲೇ ಸೊಕ್ಕು! ಗಿಡಕ್ಕೆ ಸೊಕ್ಕು ಇರುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಒಂದು ಸಲ ಮಾಲಿಗೆ ಸಾಕಾಗಿ ಹೋಯಿತಂತೆ. "ಮಾಸ್ತರ್ರ, ನೀವು ಗಿಡಾ ನೋಡಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?"

ಇದನ್ನು ನಿಮ್ಮ ಅಜ್ಜ ಹೇಳಿದಾಗ ನನಗೆ ನಗು ಬರಲಿಲ್ಲ. ಕನ್ಯೆ ನೋಡಲು ಮಾವನವರು ನಮ್ಮೂರಿಗೆ ಬಂದಾಗ ಒಂದು ಬಟ್ಟಲು ಚಹ ಕುಡಿಯುವಷ್ಟು ಹೊತ್ತೂ ನನ್ನನ್ನು ನೋಡಿರಲಿಲ್ಲ. ಅರ್ಧ ಬಟ್ಟಲಿಗೇ "ಆತು" ಎಂದಿದ್ದರು. ನನ್ನ ತಲೆ ಡೊಂಕಿದ್ದರೂ ನಡೆಯುತ್ತಿತ್ತು!

ಅಷ್ಟು ನೋಡಿ ಹೊತ್ತು ಮುಳುಗುವಾಗ ತರುತ್ತಿದ್ದದ್ದು ಮೊಟ್ಟಮೊದಲು ನೋಡಿದ ಗಿಡವನ್ನೇ. ಒಂದು ವರ್ಷ ಅದು ಮನೆಯ ಮಾಡಿಗಿಂತ ಒಂದು ಮೊಳ ಎತ್ತರ. ಬುಡ ಕತ್ತರಿಸಲು ಒಪ್ಪಲಿಲ್ಲ, ಬುಡವೇ ಗಿಡದ ಗೌರವವಂತೆ. ತುದಿ ಕತ್ತರಿಸಲೂ ಒಪ್ಪಲಿಲ್ಲ, ಅಲ್ಲಿ ನಕ್ಷತ್ರ ಕೂರಬೇಕು. ಮತ್ತೇನು ಮಾಡಿದರು? ಎರಡು ಹಂಚು ತೆಗೆಸಿದರು! ಆ ಕ್ರಿಸ್‌ಮಸ್ಸಿಗೆ ನಾವು ಒಳಗೆ, ನಮ್ಮ ನಕ್ಷತ್ರ ಮಾಡಿನ ಹೊರಗೆ. ಅದನ್ನು ನೋಡಿದ್ದು ಓಣಿಯ ಕಾಗೆಗಳು.

ಇನ್ನೊಂದು ವರ್ಷ ಮಾಲಿಯ ಯಾವ ಗಿಡವೂ ಮನಸ್ಸಿಗೆ ಬರದೆ ದೊಡ್ಡದೊಂದು ಮಾವಿನ ಟೊಂಗೆ ತಂದು ನಿಲ್ಲಿಸಿದರು. ಎಲೆ ಸುತ್ತಿಕೊಂಡ ಕೆಂಪಿರುವೆಯ ಗೂಡು ಅದರಲ್ಲಿತ್ತು. ಚರ್ಚಿನಿಂದ ಹಾಡಲು ಬಂದವರು ಎರಡನೆಯ ಸಾಲಿಗೇ ಕುಣಿಯತೊಡಗಿದರು. ಮಾವನವರ ಕಣ್ಣಲ್ಲಿ ನೀರು. "ಇಷ್ಟ ಆನಂದದಿಂದ ಯಾವ ವರ್ಷಾನೂ ಹಾಡಿರಲಿಲ್ಲ" ಎಂದರು!

ಏಳನೆಯ ವರ್ಷದ ಮಾತಿಗೆ ಬರುತ್ತೇನೆ. ನಿಮ್ಮ ತಾಯಿ ಆಗ ಒಂಬತ್ತು ತಿಂಗಳ ಕೂಸು. ನನ್ನ ಅವ್ವನ ಕಣ್ಣು ಮಂಜಾಗುತ್ತ ಬಂದಿದ್ದರಿಂದ ಆ ಬಾಣಂತನ ಹುಬ್ಬಳ್ಳಿಯಲ್ಲೇ ಆಗಿತ್ತು. ಅವ್ವ ಕೂಸನ್ನು ನೋಡಿರಲಿಲ್ಲ. ಮಗಳ ಮನೆಗೆ ತಾನಾಗಿ ಬರುವುದು ಆಗಿನ ತಾಯಂದಿರಿಗೆ ಸಂಕೋಚ. ಡಿಸೆಂಬರಿನ ಒಂದು ಸಂತೆಯ ದಿನ ನಮ್ಮೂರಿನ ಮುದುಕಿಯೊಬ್ಬಳು ಬಾಗಿಲಿಗೆ ಬಂದು ಹೇಳಿದಳು:

"ನಿಮ್ಮವ್ವಗ ಒಂದ ಕಣ್ಣ ಪೂರಾ ಹೋತವ್ವಾ. ಬಲಗಣ್ಣಾಗ ಚೂರು ಬೆಳಕೈತಿ. ಅದು ಆರೂದರಾಗ ಕೂಸಿನ ಮಾರಿ ನೋಡ್ತೀನಿ ಅಂತಾಳ."

ನಾನು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅತ್ತೆ ಹಿತ್ತಲಿಗೆ ಹೋಗಿ ಮಾವನವರಿಗೆ ಹೇಳಿದ್ದಿಷ್ಟೇ: "ಅಕಿ ಹಬ್ಬಕ್ಕ ತವರಿಗೆ ಹೋಗ್ತಾಳಂತ್ರಿ."

"ಗಿಡಾ ಹಚ್ಚಿ ಇನ್ನ ತಿಂಗಳಾಗಿಲ್ಲ. ಮುಂದಿನ ವರ್ಷ ಹೋಗಲಿ ಅಂತ ಹೇಳು."

ನಾನು ಕೊಡ ಹೊತ್ತುಕೊಂಡು ಅಲ್ಲೇ ಬರುತ್ತಿದ್ದೆ. ನಿಮ್ಮ ಅಜ್ಜ ಕಟ್ಟೆಯ ಮೇಲೆ ಕುಳಿತು ಗಡ್ಡ ಹೆರೆದುಕೊಳ್ಳುತ್ತಿದ್ದರು. ನನಗೆ ಏನಾಯಿತೋ ಇಂದಿಗೂ ತಿಳಿಯದು. ಕೊಡ ಕೆಳಗಿಟ್ಟೆ. ಸೆರಗು ಹಣೆಯವರೆಗೆ ಎಳೆದುಕೊಂಡೆ.

"ಮಾವನೋರ," ಎಂದೆ. "ಈ ಗಿಡಾ ಮುಂದಿನ ವರ್ಷಕ್ಕ ಇರೂದಿಲ್ಲರಿ. ಎಲ್ಲಾ ವರ್ಷಾನೂ ನೋಡೇನಿ. ನಮ್ಮವ್ವನ ಕಣ್ಣೂ ಮುಂದಿನ ವರ್ಷಕ್ಕ ಇರೂದಿಲ್ಲರಿ. ಇನ್ನೂ ಕೂಸಿನ ಮಾರಿ ನೋಡಿಲ್ಲರಿ ಅಕಿ. ಗಿಡಾ ಆದ್ರ ಮತ್ತೊಂದ ಹಚ್ಚಬಹುದು."

ಅಷ್ಟು ಹೇಳಿ ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಕದದ ಹಿಂದೆ ಕುಳಿತೆ. ಹೊರಗೆ ನಿಮ್ಮ ಅಜ್ಜ ಕೆನ್ನೆ ಕೊಯ್ದುಕೊಂಡಿದ್ದರು. ಆಮೇಲೆ ಮಾವನವರ ದನಿ ಕೇಳಿಸಿತು:

"ಅಕಿ ಹಿಂಗ ಮಾತಾಡಾಕ ಯಾವಾಗ ಕಲತ್ಲು?"

"ನನಗೇನ ಗೊತ್ತರಿ," ಅತ್ತೆ ಎಂದರು. "ಇಷ್ಟ ವರ್ಷ ಹೂಂ ಅಂದಾಳ!"

ಮರುದಿನ ಮುಂಜಾನೆ ಮಾವನವರು ರೊಟ್ಟಿ ಕಟ್ಟಿಸಿಕೊಳ್ಳದೆ ಕೊಡೆ ಹಿಡಿದು ಹೊರಟುಹೋದರು. ಇನ್ನು ನನ್ನನ್ನು ಶಾಶ್ವತವಾಗಿಯೇ ತವರಿಗೆ ಕಳಿಸುತ್ತಾರೆ ಎಂದು ಅತ್ತೆ ಗಾಬರಿಯಾದರು. ಊಟದ ಹೊತ್ತಿಗೆ ಬಾಗಿಲಲ್ಲಿ ಚಕ್ಕಡಿ ನಿಂತಿತು. ಅದರಲ್ಲೊಂದು ಸರ್ವೆ ಗಿಡ. ಇಡೀ ದಿನ ನೋಡುವ ಮನುಷ್ಯ ಅರ್ಧ ದಿನದಲ್ಲಿ ಹಿಂದಿರುಗಿದ್ದರು. ಗಿಡದ ತಲೆ ಡೊಂಕಾಗಿತ್ತು! ಹುಸೇನಸಾಬರು ಮೇಣಬತ್ತಿ ನಿಲ್ಲಿಸುವ ತಗಡಿನ ಬಟ್ಟಲುಗಳನ್ನು ತಂದು ಚಕ್ಕಡಿಯೊಳಗಿಟ್ಟರು.

"ಅಕಿಗೆ ಹೇಳು, ಕೂಸಿಗೆ ಬೆಚ್ಚಗ ಹೊದಿಸಂತ. ನಾನೂ ಬರ್ತೀನಿ, ಗಿಡಾ ನೆಟ್ಟಗ ನಿಲ್ಲಸೂದು ಅಕಿ ತವರಿನವರಿಗೆ ತಿಳಿಯಂಗಿಲ್ಲ" ಎಂದರು ಮಾವನವರು.

ನೋಡಿ, ದಯೆ ತೋರಿಸುವಾಗಲೂ ಒಂದು ಕುಂದು ಹುಡುಕಿಯೇ ತೋರಿಸಬೇಕು!

ಶಿರಗುಪ್ಪಿಯಲ್ಲಿ ನಮ್ಮ ಪಡಸಾಲೆಯಲ್ಲಿ ಗಿಡ ನಿಂತಿತು. ಮರುದಿನ ಸಂಜೆಗೆ ಓಣಿಯೆಲ್ಲ ನೆರೆಯಿತು. ಅವ್ವನನ್ನು ಕೈಹಿಡಿದು ತಂದು ಗಿಡದ ಹತ್ತಿರ ಕೂರಿಸಿ, ಮಡಿಲಲ್ಲಿ ನಿಮ್ಮ ತಾಯಿಯನ್ನು ಇಟ್ಟೆ. ಅವ್ವ ಕತ್ತು ಹೊರಳಿಸಿ ಹೊರಳಿಸಿ ನೋಡಿದಳು. ಕಾಣಲಿಲ್ಲ.

"ಬೀಗ್ತ್ಯಾರ, ಯಾವ ಕಣ್ಣರಿ?" ಎಂದರು ಮಾವನವರು.

"ಬಲಗಣ್ಣರಿ, ಬೀಗರ."

ಮಾವನವರು ಗಿಡಕ್ಕೆ ಕೈಹಾಕಿದರು. ಒಂದೊಂದೇ ಬತ್ತಿಯನ್ನು ಕಿತ್ತು, ಗಿಡದ ದೀಪಗಳನ್ನೆಲ್ಲ ಅವ್ವನ ಬಲಕ್ಕೆ ತಂದು ಒತ್ತೊತ್ತಾಗಿ ಹಚ್ಚಿದರು. ಎಡಕ್ಕೆ ಕುಳಿತವರು ಕೂಗಿಕೊಂಡರು. "ಮಾಸ್ತರ್ರ, ಈ ಕಡೆ ಪೂರಾ ಕತ್ತಲಾತಲ್ಲರಿ!"

"ನಿಮಗ ಎರಡೆರಡು ಕಣ್ಣ ಅದಾವಲ್ಲ, ಕೂಡ್ರಿ ಸುಮ್ಮನ!"

ಅವ್ವ ಕೂಸನ್ನು ಬೆಳಕಿಗೆ ಎತ್ತಿದಳು. ಬಹಳ ಹೊತ್ತು ನೋಡಿದಳು. "ಮೂಗು ನಮ್ಮ ಕಡೇದು," ಎಂದಳು.

"ಇಲ್ರಿ ಬೀಗ್ತ್ಯಾರ, ಮೂಗು ನಮ್ಮ ಮನೀದು," ಎಂದು ಮಾವನವರು ವಾದಕ್ಕೆ ಕುಳಿತರು. ಅವರಿಗೆ ಹೊತ್ತು ಗೊತ್ತು ಇಲ್ಲವೇ ಇಲ್ಲ. ಅವ್ವ ಮಾತ್ರ ನಕ್ಕಳು. ಮುಂದಿನ ಮಿರಗದ ಮಳೆ ಬೀಳುವ ಮೊದಲೇ ಆ ಕಣ್ಣೂ ಹೋಯಿತು.

ನಾಲ್ಕು ದಿನ ಕಳೆದು ನಾವು ತಿರುಗಿ ಬಂದಾಗ ಹಿತ್ತಲಲ್ಲಿ ಹನ್ನೊಂದನೆಯದು ಒಣಗಿ ನಿಂತಿತ್ತು. ಮಾವನವರು ತಾವೇ ಅದನ್ನು ಕಿತ್ತು ಗೋಡೆಗೆ ಒರಗಿಸಿದರು.

ಸೋತರೆಂದು ತಿಳಿದಿರಾ? ಎಲ್ಲಿ ಬಂತು! ಜೂನಿನಲ್ಲಿ ನಾನು ಅದೇ ಗುಂಡಿಗೆ ಸರ್ವೆಯ ಸಸಿ ಹಾಕಿದೆ, ಅದು ಬದುಕಿತು. ಈಗ ನೀವು ದೀಪ ಕಟ್ಟುವ ಗಿಡ ಅದೇ. ಮಾವನವರು ಅದನ್ನು ಒಪ್ಪಿಕೊಂಡ ಬಗೆ ನೋಡಿ: "ತೆಗ್ಗು ಪಾದ್ರಿಸಾಹೇಬರ ಹೊತ್ತಿಗೆ ತೋಡೂದು, ಗಿಡಾ ಅಕಿ ಹೊತ್ತಿಗೆ ಹಚ್ಚೂದು ಅಂತ ಹೇಳು." ಅಂದಿನಿಂದ ಪ್ರತಿ ವರ್ಷ ದೀಪಾವಳಿ ಕಳೆದ ಕೂಡಲೇ ಹಿತ್ತಲಲ್ಲೊಂದು ಹೊಸ ಗುಂಡಿ. ಮಳೆ ಬರುವವರೆಗೆ ಏಳು ತಿಂಗಳು ಅದು ಬಾಯಿ ತೆರೆದುಕೊಂಡೇ ಇರುತ್ತಿತ್ತು. ಅದರಲ್ಲಿ ನಮ್ಮ ಕೋಳಿಗಳು ಬಿದ್ದವು, ಹುಸೇನಸಾಬರ ಆಡು ಬಿತ್ತು, ಹಬ್ಬಕ್ಕೆ ಹಾಡಲು ಬಂದವರಲ್ಲಿ ಎಲ್ಲರಿಗಿಂತ ದಪ್ಪ ದನಿಯವರೂ ಬಿದ್ದರು!

ನನಗೂ ಒಂದು ಸಲ ಮಾತಾಡಿದ್ದೇ ಸಾಕಾಗಿತ್ತು. ಮತ್ತೆ ಕದದ ಹಿಂದೆ ಸರಿದೆ. ಅತ್ತೆ ನಡುವೆ ನಿಂತರು. ಅತ್ತೆ ತೀರಿಕೊಂಡ ಮೇಲೆ ಆ ಜಾಗ ಖಾಲಿಯಾಯಿತು.

ಮಾವನವರ ಕೊನೆಯ ವರ್ಷ ಅವರು ಹಾಸಿಗೆ ಹಿಡಿದಿದ್ದರು. ಹಿತ್ತಲ ಕಿಟಕಿಯ ಹತ್ತಿರ ಮಂಚ. ಒಂದು ಮುಂಜಾನೆ ಗಂಜಿ ಕೊಡಲು ಹೋದೆ. ಕೋಣೆಯಲ್ಲಿ ನಾವಿಬ್ಬರೇ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದರು:

"ಅಕಿಗೆ ಹೇಳು, ದೀಪಾವಳಿ ಆಗಿ ಎಂಟ ದಿನಾ ಆತು. ತೆಗ್ಗು ಯಾರೂ ತೋಡಲಿಲ್ಲ ಅಂತ."

ಗೋಡೆ ಏನು ಹೇಳೀತು? ನಾನೇ ಹೇಳಿದೆ: "ಹೂಂ ಅಂತಾಳ್ರಿ."

ಸಲಿಕೆ ತೆಗೆದುಕೊಂಡು ಹಿತ್ತಲಿಗೆ ಇಳಿದೆ. ಎರೆಮಣ್ಣು ಆಗಲೇ ಕಲ್ಲಾಗಿತ್ತು. ಮೊಣಕಾಲುದ್ದ ತೋಡುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಮಳೆಗೆ ಏಳು ತಿಂಗಳಿತ್ತು. ಕೈಯಲ್ಲಿ ಸಸಿಯೂ ಇರಲಿಲ್ಲ. ಎಲ್ಲ ಗೊತ್ತಿದ್ದೂ ಬಾವಿಗೆ ಹೋಗಿ ಒಂದು ಕೊಡ ನೀರು ತಂದೆ. ಕಿಟಕಿಯಿಂದ ಅವರಿಗೆ ಕಾಣುವಂತೆ ನಿಂತು ಆ ಖಾಲಿ ಗುಂಡಿಗೆ ಹೊಯ್ದೆ. ನಡುವೆ ಸುರಿಯಲಿಲ್ಲ. ಸುತ್ತ ಹಾಕಿದೆ.