ಅಳಿಯನ ಗಾಜಿನ ಮನೆ ಮತ್ತು ನನ್ನ ಇಪ್ಪತ್ತೇಳು ವರ್ಷದ ಅನುಭವ

ನಮ್ಮ ನಡುಮನೆಯ ಮೂಲೆಯಲ್ಲಿ ತಿರುಗಿಸುವ ಗುಂಡಿಯೊಂದಿದೆ. (ನಾನೇ ಕೈಯಾರೆ ತೋಡಿಕೊಂಡು ಬಿದ್ದ ಗುಂಡಿಯೂ ಅದೇ.) ಅದರ ಮೇಲೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕವುಚಿ, ನಾಲ್ಕು ಸುತ್ತು ಟೇಪು ಹಾಕಿ, ದಪ್ಪ ಅಕ್ಷರದಲ್ಲಿ ‘ಅಪ್ಪ ಮುಟ್ಟಬಾರದು’ ಎಂದು ಬರೆದಿದ್ದಾರೆ. ಮನೆಯಲ್ಲಿರುವುದು ಮೂರೇ ಜನ. ಅದರಲ್ಲಿ ಅಪ್ಪ ಎನಿಸಿಕೊಳ್ಳುವ ಪ್ರಾಣಿ ಒಂದೇ. ಹಾಗಾಗಿ ಇದು ಯಾರನ್ನು ಕುರಿತ ಶಾಸನ ಎಂದು ಸಂಶೋಧನೆ ಮಾಡಬೇಕಾಗಿಲ್ಲ. ಬಂದ ನೆಂಟರೆಲ್ಲ ಮೊದಲು ಅದನ್ನು ಓದುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ಕಾಫಿ ಕುಡಿಯುತ್ತಾರೆ.

ಹೊಟ್ಟೆ ಉರಿಯುವ ವಿಷಯವೇನೆಂದರೆ, ಇಂಥ ಗುಂಡಿ ತಿರುಗಿಸುವುದೇ ನನ್ನ ಕಸುಬು. ಇಪ್ಪತ್ತೇಳು ವರ್ಷದಿಂದ ಫ್ರಿಜ್ ರಿಪೇರಿ ಮಾಡುತ್ತಿದ್ದೇನೆ. ಫ್ರಿಜ್ಜಿನೊಳಗೆ ಅಂಕಿ ಬರೆದ ಗುಂಡಿಯೊಂದಿರುತ್ತದಲ್ಲ, ಅದನ್ನು ಒಂದಕ್ಕಿಟ್ಟರೆ ಒಂದಿಷ್ಟು ತಂಪು, ನಾಲ್ಕಕ್ಕಿಟ್ಟರೆ ಹದವಾದ ತಂಪು, ಏಳಕ್ಕಿಟ್ಟರೆ ಟೊಮೆಟೊ ಕಲ್ಲಾಗುತ್ತದೆ. ಅಂಕಿ ಏರಿದಷ್ಟೂ ಚಳಿ. ಇದನ್ನು ಎಷ್ಟು ಮನೆಗಳಲ್ಲಿ, ಎಷ್ಟು ಅಂಗಡಿಗಳಲ್ಲಿ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ನಿದ್ದೆಯಿಂದ ಎಬ್ಬಿಸಿ “ಸೆಕೆ” ಎಂದರೆ ನನ್ನ ಬೆರಳು ತಾನಾಗಿ ದೊಡ್ಡ ಅಂಕಿಯ ಕಡೆಗೆ ತಿರುಗುತ್ತದೆ. ಈ ಬೆರಳೇ ನನ್ನ ಮಾನ ಕಳೆದದ್ದು.

ಈಗ ಅಳಿಯನ ವಿಷಯ. ನಮ್ಮ ಮಗಳಿಗೆ ಇನ್ನೂ ಮದುವೆಯಾಗಿಲ್ಲ. ಆದರೂ ಮನೆಯಲ್ಲಿ ಅಳಿಯನಿದ್ದಾನೆ. ಮೂರು ವರ್ಷದ ಹಿಂದೆ ಅವಳು ಒಂದು ಸಣ್ಣ ಜಾತಿಯ ಹೆಬ್ಬಾವನ್ನು (ವಿಷವಿಲ್ಲ, ಸಿಟ್ಟೂ ಇಲ್ಲ) ಗಾಜಿನ ಪೆಟ್ಟಿಗೆಯ ಸಮೇತ ತಂದಾಗ ನನ್ನಾಕೆ ಬಾಗಿಲಲ್ಲೇ ನಿಂತು ಹೇಳಿದ್ದಳು: “ಮಗಳು ಮನೆಗೆ ಕರ್ಕೊಂಡು ಬಂದಿದ್ದಾಳೆ. ಕೂತಲ್ಲಿಂದ ಏಳಲ್ಲ. ಕೆಲಸ ಇಲ್ಲ, ಮಾತಿಲ್ಲ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬಂದುಬಿಡ್ಬೇಕು. ಇದು ಹಾವಲ್ಲ ರೀ, ಅಳಿಯ!” ಅಂದಿನಿಂದ ಆ ಹೆಸರೇ ನಿಂತಿತು. ಅಳಿಯನ ಊಟ (ಹೆಪ್ಪುಗಟ್ಟಿಸಿದ ಇಲಿ, ಕ್ಷಮಿಸಿ) ನಮ್ಮ ಫ್ರೀಜರಿನಲ್ಲಿ ಒಂದು ನೀಲಿ ಡಬ್ಬಿಯಲ್ಲಿರುತ್ತದೆ. ನನ್ನಾಕೆ ಆ ಡಬ್ಬಿಗೂ ತನ್ನ ಬಟಾಣಿಗೂ ನಡುವೆ ರಟ್ಟಿನ ಗೋಡೆ ಕಟ್ಟಿದ್ದಾಳೆ. ಪೆಟ್ಟಿಗೆಯಿಂದ ಮೂರು ಅಡಿ ದೂರವೇ ಅವಳ ಗಡಿ. ಆದರೆ ದಿನಾ ಮಧ್ಯಾಹ್ನ ಆ ಗಡಿಯಲ್ಲೇ ನಿಂತು ಅಳಿಯನಿಗೆ ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಾಳೆ. ಅವನು ಎದುರು ಮಾತಾಡುವುದಿಲ್ಲವಲ್ಲ, ಅದಕ್ಕೆ.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೊಸ ಯಂತ್ರ ಕಲಿಯಲು ಮಾಲೀಕರು ಅವಳನ್ನು ಒಂಬತ್ತು ದಿನ ಬೇರೆ ಊರಿಗೆ ಕಳಿಸಿದರು. ಹೊರಡುವ ದಿನ ನನ್ನನ್ನು ಪೆಟ್ಟಿಗೆಯ ಮುಂದೆ ಕೂರಿಸಿ ಪಾಠ ಮಾಡಿದಳು.

“ಅಪ್ಪ, ನೋಡಿ. ಇವನ ಮೈಗೆ ಸ್ವಂತ ಬಿಸಿ ಇಲ್ಲ. ಸುತ್ತಲಿನ ಬಿಸಿಯನ್ನೇ ನಂಬ್ಕೊಂಡು ಬದುಕ್ತಾನೆ. ದೀಪದ ಕಡೆ ಮೂವತ್ತೆರಡು ಡಿಗ್ರಿ, ಆ ಕಡೆ ಇಪ್ಪತ್ತಾರು. ಬೇಕಾದಾಗ ಇಲ್ಲಿ ಬರ್ತಾನೆ, ಸಾಕಾದಾಗ ಅಲ್ಲಿ ಹೋಗ್ತಾನೆ. ಎರಡೂ ಕಡೆ ಬಿಸಿಯಾದ್ರೆ ಓಡಿಹೋಗೋಕೆ ಅವನಿಗೆ ಜಾಗ ಇಲ್ಲ.”

“ನಂಗೆ ಹೇಳ್ಕೊಡ್ತೀಯಲ್ಲಮ್ಮ ಡಿಗ್ರಿ!”

“ಬೆಳಗ್ಗೆ ಸಂಜೆ ಎರಡು ಥರ್ಮಾಮೀಟರ್ ನೋಡಿ ಈ ನೋಟ್‌ಬುಕ್ಕಲ್ಲಿ ಬರೀರಿ ಸಾಕು. ಪೆಟ್ಟಿಗೆ ಗುಂಡಿ ನಾಲ್ಕರಲ್ಲಿದೆ, ಅಲ್ಲಿ ನೇಲ್ ಪಾಲಿಶ್ ಚುಕ್ಕಿ ಇಟ್ಟಿದ್ದೀನಿ. ಅದನ್ನ ಮುಟ್ಬೇಡಿ. ಏನಾದ್ರೂ ವ್ಯತ್ಯಾಸ ಆದ್ರೆ ನಂಗೆ ಫೋನ್ ಮಾಡಿ.”

ಮುಟ್ಟಬೇಡಿ! ನನಗೆ! ಆದರೂ ಸಹಿಸಿಕೊಂಡೆ. ಬಸ್ಸು ಹತ್ತುವಾಗ ಅವಳು ಮತ್ತೊಮ್ಮೆ ತಿರುಗಿ, “ಅಪ್ಪ, ನಿಮ್ಮನ್ನ ನಂಬಿ ಹೋಗ್ತಿದ್ದೀನಿ” ಎಂದಳು. ಆ ಮಾತು ಈಗಲೂ ಕಿವಿಯಲ್ಲಿದೆ.

ಮೂರನೆಯ ದಿನ ಬಿಸಿಲೇರಿತು. ತಂಪು ಕಡೆಯ ಥರ್ಮಾಮೀಟರು ಇಪ್ಪತ್ತೆಂಟು ತೋರಿಸಿತು. ಎರಡು ಡಿಗ್ರಿ ಹೆಚ್ಚು. ಫೋನ್ ಮಾಡಬೇಕಿತ್ತು. ಆದರೆ ಐಸ್‌ಕ್ರೀಮ್ ಅಂಗಡಿಗಳ ಪ್ರಾಣ ಉಳಿಸಿದ ಮನುಷ್ಯ ನಾನು. ಎರಡು ಡಿಗ್ರಿಗಾಗಿ ಕನ್ನಡಕದ ಅಂಗಡಿಯ ಹುಡುಗಿಯನ್ನು ಕೇಳುವುದೇ? ಸುತ್ತ ನೋಡಿದೆ, ಯಾರೂ ಇರಲಿಲ್ಲ. ಬೆರಳು ತನ್ನ ಕೆಲಸ ಮಾಡಿತು. ಗುಂಡಿ ನಾಲ್ಕರಿಂದ ಐದಕ್ಕೆ ಹೋಯಿತು. ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರು, ಮೂವತ್ತೆರಡು ಎಂದು ಬರೆದೆ. ಹೇಗೂ ಸಂಜೆಯೊಳಗೆ ಅಷ್ಟಕ್ಕೆ ಇಳಿಯುತ್ತದೆ, ಮುಂಗಡವಾಗಿ ಬರೆದರೆ ತಪ್ಪೇನು ಎಂದುಕೊಂಡೆ.

ಮರುದಿನ ಮೂವತ್ತು, ಮೂವತ್ತಾರು.

“ರೀ, ಆ ಗಾಜು ಯಾಕೋ ಬಿಸಿ ಇದೆ ಕಣ್ರೀ,” ಎಂದಳು ನನ್ನಾಕೆ. ತನ್ನ ಗಡಿ ದಾಟಿ, ಅಂಗೈಯನ್ನು ಗಾಜಿಗೆ ಇಟ್ಟು ನಿಂತಿದ್ದಳು.

“ನಿನ್ನ ಅಂಗೈ ಏನು ಥರ್ಮಾಮೀಟರಾ?”

“ನಮ್ಮ ಮಗಳು ಮಗುವಾಗಿದ್ದಾಗ ಜ್ವರ ಬಂದ್ರೆ ಇದೇ ಅಂಗೈಲಿ ನೋಡ್ತಿದ್ದೆ. ಆಗ ನೀವು ಎಲ್ಲಿದ್ರೋ, ಯಾರ ಮನೆ ಫ್ರಿಜ್ಜಲ್ಲಿ ತಲೆ ಇಟ್ಟಿದ್ರೋ!”

“ಗುಂಡಿ ತಿರುಗಿಸಿದ ತಕ್ಷಣ ತಂಪಾಗಲ್ಲ ಕಣೇ. ಒಂದು ದಿನ ಕಾಯಬೇಕು.”

“ಅದು ನೀವು ಗಿರಾಕಿಗಳಿಗೆ ಹೇಳೋ ಮಾತು. ನಮ್ಮ ಫ್ರಿಜ್ಜಿಗೂ ಎರಡು ವರ್ಷದಿಂದ ಅದನ್ನೇ ಹೇಳ್ತಿದ್ದೀರಿ.”

ಅವಳು ಅಡುಗೆಮನೆಗೆ ಹೋದ ಮೇಲೆ ಗುಂಡಿಯನ್ನು ಆರಕ್ಕೆ ತಿರುಗಿಸಿದೆ. ಮರುದಿನ ಬೆಳಿಗ್ಗೆ ಅಳಿಯ ನೀರಿನ ಬಟ್ಟಲಿನಲ್ಲಿ ಸುರುಳಿ ಸುತ್ತಿ ಕೂತಿದ್ದ. ಬಟ್ಟಲು ಚಿಕ್ಕದು, ಮೈಯೆಲ್ಲ ಹಿಡಿಸದೆ ಅರ್ಧ ಹೊರಗಿತ್ತು. ನಾನು ಅದಕ್ಕೆ ಕೊಟ್ಟ ಅರ್ಥ: “ಸ್ನಾನ ಮಾಡ್ತಾ ಇದ್ದಾನೆ. ಖುಷಿಯಾಗಿದ್ದಾನೆ.” ಆದರೂ ಥರ್ಮಾಮೀಟರು ಇನ್ನೂ ಮೇಲೇರಿತ್ತು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಗುಂಡಿಯನ್ನು ತುದಿಯವರೆಗೆ, ಎಂಟಕ್ಕೆ, ತಿರುಗಿಸಿಬಿಟ್ಟೆ. ಸಂಜೆ ಮಗಳ ಫೋನ್ ಬಂತು.

“ಹೇಗಿದ್ದಾನಪ್ಪ?”

“ರಾಜನ ಹಾಗಿದ್ದಾನಮ್ಮ. ಇಪ್ಪತ್ತಾರು, ಮೂವತ್ತೆರಡು.”

ಸುಳ್ಳು ಹೇಳಿದೆ. ಆಗಲೇ ಒಂದು ಮಾತು ನಿಜ ಹೇಳಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಮರುದಿನ ಮಧ್ಯಾಹ್ನ ನಾನು ಒಂದು ಬೇಕರಿಯಲ್ಲಿ ಕೇಕಿನ ಫ್ರಿಜ್ಜಿನ ಹಿಂದೆ ಮಲಗಿ ಕೆಲಸ ಮಾಡುತ್ತಿದ್ದೆ. ಮನೆಯಿಂದ ಫೋನ್ ಬಂತು.

“ರೀ, ಅಳಿಯ ಬಾಯಿ ಕಳ್ಕೊಂಡು ಉಸಿರಾಡ್ತಿದ್ದಾನೆ. ತಲೆ ಎತ್ತಕ್ಕಾಗ್ತಿಲ್ಲ ಅವನಿಗೆ. ಪ್ಲಗ್ ಕಿತ್ತುಬಿಡ್ಲಾ?”

“ಅಯ್ಯೋ, ಕೀಳ್ಬೇಡ ಕಣೇ! ನಾನು ಫುಲ್ ತಂಪಿಗೆ ಇಟ್ಟಿದ್ದೀನಿ. ಕಿತ್ತರೆ ಇನ್ನೂ ಬಿಸಿಯಾಗುತ್ತೆ!”

ಅವಳು ನಿಧಾನವಾಗಿ, “ಕಿತ್ತಾಯ್ತು. ನಿಮ್ಮನ್ನ ಸುಮ್ನೆ ಕೇಳಿದೆ. ಪ್ರಾಣಿ ಡಾಕ್ಟರಿಗೂ ಫೋನ್ ಮಾಡಾಯ್ತು. ಮನೆಗೆ ಬನ್ನಿ,” ಎಂದಳು.

ಸ್ಕ್ರೂಡ್ರೈವರನ್ನು ಕೇಕುಗಳ ನಡುವೆಯೇ ಬಿಟ್ಟು ಓಡಿದೆ. ಮನೆಯಲ್ಲಿ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೂರು ವರ್ಷ ಮೂರು ಅಡಿ ದೂರ ನಿಂತವಳು, ಬಟ್ಟೆ ನೆನೆಸುವ ಟಬ್ಬಿನಲ್ಲಿ ಒಂದಿಷ್ಟು ನೀರು ಹಾಕಿ, ಎರಡೂ ಕೈಯಲ್ಲಿ ಅಳಿಯನನ್ನು ಹಿಡಿದು ಕೂತಿದ್ದಳು. ಕಣ್ಣು ಮುಚ್ಚಿದ್ದಳು. “ಏನೂ ಆಗಲ್ಲ ಕಂದ, ಏನೂ ಆಗಲ್ಲ” ಎನ್ನುತ್ತಿದ್ದಳು. ಅಳಿಯನಿಗೋ ತನಗೋ, ಗೊತ್ತಿಲ್ಲ. ಪಕ್ಕದ ಸ್ಟೂಲಿನ ಮೇಲಿದ್ದ ಫೋನಿನಿಂದ ಡಾಕ್ಟರರ ದನಿ ಬರುತ್ತಿತ್ತು.

“ತಣ್ಣೀರು ಬೇಡಮ್ಮ, ಐಸ್ ಖಂಡಿತ ಬೇಡ. ಉಗುರು ಬೆಚ್ಚಗಿರೋದಕ್ಕಿಂತ ಸ್ವಲ್ಪ ಕಡಿಮೆ ಇರಲಿ. ನಿಧಾನಕ್ಕೆ ಇಳೀಬೇಕು. ಆ ಹೀಟರಿನ ಗುಂಡಿ ಎಷ್ಟರಲ್ಲಿತ್ತು?”

“ಎಂಟರಲ್ಲಿ ಸರ್,” ಎಂದೆ ನಾನು.

“ಯಾಕೆ ಎಂಟಕ್ಕೆ ಇಟ್ರಿ?”

“ತಂಪಾಗಲಿ ಅಂತ.”

“ಅದು ಹೀಟರ್ ರೀ. ಜಾಸ್ತಿ ಇಟ್ಟಷ್ಟೂ ಬಿಸಿಯಾಗುತ್ತೆ.” ಆಮೇಲೆ ಕೇಳಿದರು: “ನೀವು ಏನು ಕೆಲಸ ಮಾಡ್ತೀರಿ?”

“ಫ್ರಿಜ್ ರಿಪೇರಿ ಸರ್.”

“ಓ,” ಎಂದರು ಡಾಕ್ಟರು.

ಇಪ್ಪತ್ತೇಳು ವರ್ಷದ ಅನುಭವಕ್ಕೆ ಸಿಕ್ಕ ಪ್ರಶಸ್ತಿ ಆ ‘ಓ’. ಸಂಜೆ ಅವರೇ ಬಂದು ನೋಡಿ, ಪ್ರಾಣಕ್ಕೆ ಅಪಾಯವಿಲ್ಲ ಎಂದರು. ಆದರೆ ಹೆದರಿದ್ದಾನೆ, ಊಟ ಬಿಟ್ಟರೂ ಬಿಟ್ಟಾನು, ಮನೆ ಸದ್ದಿಲ್ಲದೆ ಇರಲಿ ಎಂದು ಹೇಳಿ ಹೋದರು. ನಾನು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತೆ. ಎರಡೂ ಕಡೆ ಬಿಸಿಯಾದರೆ ಓಡಿಹೋಗಲು ಜಾಗವಿಲ್ಲ ಎಂದು ಮಗಳು ಹೇಳಿದ್ದಳಲ್ಲ. ನಾಲ್ಕು ದಿನ ಅವನು ಆ ಜಾಗ ಹುಡುಕಿದ್ದಾನೆ. ಸಿಕ್ಕಿದ್ದು ಒಂದು ಬಟ್ಟಲು. ಅದನ್ನು ನೋಡಿ ನಾನು ಸ್ನಾನ ಎಂದೆ. ನಾನು ಅತ್ತುಬಿಟ್ಟೆ. ನನ್ನಾಕೆ ಬೈಯಲಿಲ್ಲ. ಕಾಫಿ ತಂದುಕೊಟ್ಟು, “ಫೋನ್ ನೀವೇ ಮಾಡ್ಬೇಕು,” ಎಂದಳು ಅಷ್ಟೆ.

ಮಾಡಿದೆ. ಎಲ್ಲ ಹೇಳಿದೆ. ಮಗಳು ಎರಡು ದಿನ ಮೊದಲೇ ಬಂದಳು. ಕೂಗಾಡುತ್ತಾಳೆಂದು ತಯಾರಾಗಿದ್ದೆ. ಅವಳು ಕೂಗಲಿಲ್ಲ. ಅಳಿಯನನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ನೋಟ್‌ಬುಕ್ ತೆಗೆದಳು. ಇಪ್ಪತ್ತಾರು, ಮೂವತ್ತೆರಡು. ಇಪ್ಪತ್ತಾರು, ಮೂವತ್ತೆರಡು. ನನ್ನ ಅಕ್ಷರ ಯಾವಾಗಲೂ ಮುದ್ದಾಗಿಯೇ ಇರುತ್ತದೆ.

“ಅಪ್ಪ, ನಿಜವಾಗಿ ಎಷ್ಟಿತ್ತೋ ಅದನ್ನ ಬರೀರಿ. ಡಾಕ್ಟರಿಗೆ ಬೇಕಂತೆ.”

ಪೆನ್ನು ಕೊಟ್ಟಳು. ನಾನು ಒಂದೊಂದೇ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ನಿಜ ಬರೆದೆ. ಅವಳು ಎದುರಿಗೇ ಕೂತು ನೋಡುತ್ತಿದ್ದಳು. ಇದಕ್ಕಿಂತ ಅವಳು ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ತಪ್ಪಾಯ್ತಮ್ಮ,” ಎಂದೆ. “ಗುಂಡಿ ತಿರುಗಿಸಿದ್ದಕ್ಕೆ ಬೇಜಾರಿಲ್ಲಪ್ಪ,” ಎಂದಳು. ಯಾವುದಕ್ಕೆ ಬೇಜಾರು ಎಂದು ನಾನು ಕೇಳಲಿಲ್ಲ. ಬಿಸ್ಕತ್ತಿನ ಮುಚ್ಚಳ ಬಂದದ್ದು ಆ ಸಂಜೆಯೇ.

ಡಾಕ್ಟರು ಹೇಳಿದಂತೆ ಅಳಿಯ ಊಟ ಬಿಟ್ಟ. ಒಂದು ವಾರ, ಎರಡು ವಾರ, ಮೂರು ವಾರ. ಪ್ರತಿ ಸಲ ಮಗಳು ಊಟ ಒಳಗಿಟ್ಟಾಗ ನಾನು ಗಾಜಿಗೆ ಮೂಗು ಒತ್ತಿ, “ತಿನ್ನಪ್ಪ, ತಿನ್ನು ಮಹಾರಾಯ” ಎಂದು ಬೇಡಿಕೊಳ್ಳುತ್ತಿದ್ದೆ. ಅವನು ನನ್ನನ್ನು ನೋಡಿ ತಲೆಯನ್ನು ಸುರುಳಿಯೊಳಗೆ ತೂರಿಸಿಕೊಳ್ಳುತ್ತಿದ್ದ. ನನ್ನಾಕೆ ಈಗ ಮೂರು ಅಡಿಯ ಗಡಿ ಮರೆತು, ದಿನಾ ಸಂಜೆ ಗಾಜಿನ ಎರಡೂ ಕಡೆ ಅಂಗೈ ಇಟ್ಟು “ಸರಿಯಾಗಿದೆ” ಎನ್ನುತ್ತಿದ್ದಳು. ಮಗಳು ಥರ್ಮಾಮೀಟರು ನೋಡಿ ಹೂಂಗುಟ್ಟುತ್ತಿದ್ದಳು. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನಾಲ್ಕನೆಯ ವಾರ ಊಟದ ದಿನ ಮಗಳು ತಾನಾಗಿ ಬಂದು, “ಅಪ್ಪ, ಒಂದು ಬಲ್ಬ್ ಬೇಕಿತ್ತು, ತರ್ತೀರಾ?” ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾವ ಬಲ್ಬ್, ಎಲ್ಲಿಗೆ ಎಂದೂ ಕೇಳದೆ ಹೊರಟೆ. ಕೊನೆಗೂ ನನ್ನನ್ನು ನಂಬಿ ಒಂದು ಕೆಲಸ ಹೇಳಿದಳಲ್ಲ! ಮೂರು ಅಂಗಡಿ ತಿರುಗಿ ಒಳ್ಳೆಯದನ್ನೇ ಆರಿಸಿ ತಂದೆ.

ಮನೆಗೆ ಬಂದಾಗ ತಾಯಿ ಮಗಳು ಅಡುಗೆಮನೆಯಲ್ಲಿ ಪಿಸುಪಿಸು ನಗುತ್ತಿದ್ದರು. ಪೆಟ್ಟಿಗೆಯ ಮೇಲೆ ನೋಟ್‌ಬುಕ್ ತೆರೆದಿತ್ತು. ಮಗಳ ಅಕ್ಷರದಲ್ಲಿ ಹೊಸ ಸಾಲು: “ಇವತ್ತು ತಿಂದ. ಅಮ್ಮ ಹತ್ತಿರ ಕೂತಿದ್ದಳು. ಅಪ್ಪನನ್ನು ಬಲ್ಬ್ ತರಲು ಕಳಿಸಿದ್ದೆವು.”

ಕೈಯಲ್ಲಿ ಬಲ್ಬ್ ಹಿಡಿದು ಅದನ್ನು ಎರಡು ಸಲ ಓದಿದೆ. ಅಳಿಯ ಹೊಟ್ಟೆ ಉಬ್ಬಿಸಿಕೊಂಡು ಹಾಯಾಗಿ ಮಲಗಿದ್ದ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಈಗ ಅಳಿಯನ ಊಟದ ದಿನ ಯಾರೂ ನನಗೆ ಹೇಳಬೇಕಾಗಿಲ್ಲ. ನೀಲಿ ಡಬ್ಬಿ ಫ್ರೀಜರಿನಿಂದ ಹೊರಗೆ ಬಂದ ಕೂಡಲೇ ನಾನೇ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಡುತ್ತೇನೆ. ಅವನು ಒಂದು ಊಟವನ್ನೂ ತಪ್ಪಿಸಿಲ್ಲ. ನಮ್ಮ ಮನೆಯಲ್ಲಿ ಸದ್ಯಕ್ಕೆ ಹನ್ನೊಂದು ಬಲ್ಬ್ ಇವೆ.