ದಾಖಲೆ ಕೊಠಡಿಯ ಬೀಗ ಹಾಗೂ ಪಟ್ಟಿ ತಿದ್ದುವ ಅನುಮತಿ ಕುರಿತು

ಸಂಖ್ಯೆ: ಆಡಳಿತ/ಕೆಲಸಪಟ್ಟಿ/ನೋಟ/ಮರುತಿದ್ದುಪಡಿ-4

ವಿಷಯ: ಕಂಪ್ಯೂಟರಿನಲ್ಲಿರುವ ಹಂಚಿಕೆಯ ಕೆಲಸಪಟ್ಟಿಯನ್ನು ಯಾರು ನೋಡಬೇಕು, ಯಾರು ಮುಟ್ಟಬೇಕು ಹಾಗೂ ದಾಖಲೆಪಾಲಕರು ಯಾವಾಗ ಹೊರಬರಬೇಕು ಎಂಬ ಬಗ್ಗೆ.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
2) ದಾಖಲೆ ಕೊಠಡಿಯ ಬಾಗಿಲನ್ನು ಒಳಗಿನಿಂದ ಬಡಿದ ಸದ್ದು.

ಕಚೇರಿಯ ಕೆಲಸಗಳನ್ನು ಎಲ್ಲರೂ ಒಂದೇ ಪಟ್ಟಿಯಲ್ಲಿ ನೋಡಲೆಂದು ತಂತ್ರಾಂಶವೊಂದನ್ನು ಅಳವಡಿಸಲಾಗಿತ್ತು. ಸಿಬ್ಬಂದಿಯು ತಮ್ಮ ಕೆಲಸವನ್ನು ಪಕ್ಕದವರ ಹೆಸರಿಗೆ ದಾಟಿಸುವುದು, ಬೇಡವಾದ ಸಾಲನ್ನು ಅಳಿಸುವುದು, ಬೆರಳಚ್ಚುಗಾರರು ಇಡೀ ಪಟ್ಟಿಯನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವುದು ಕಂಡುಬಂದಿದ್ದರಿಂದ, ತಿದ್ದುವ ಅನುಮತಿಯನ್ನು ಎಲ್ಲರಿಂದ ಹಿಂಪಡೆದು ದಾಖಲೆಪಾಲಕರೊಬ್ಬರಿಗೇ ನೀಡಲಾಯಿತು. ಕುರ್ಚಿ ಬಿಟ್ಟು ಎಲ್ಲಿಗೂ ಹೋಗುವವರಲ್ಲ ಎಂಬುದೇ ಅವರ ಅರ್ಹತೆಯಾಗಿತ್ತು. ಉಳಿದವರಿಗೆ ಅವರವರ ಕೆಲಸ ಮಾತ್ರ ಕಾಣುವಂತೆ ನೋಟವನ್ನು ಕಿರಿದುಗೊಳಿಸಲಾಯಿತು. ಊರ ಉಸಾಬರಿ ಯಾರಿಗೂ ಬೇಡ ಎಂಬುದು ಕೆಳಸಹಿದಾರರ ದೃಢ ನಂಬಿಕೆ.

ಇಂದು ದಾಖಲೆಪಾಲಕರು 'ಹಳೆಯ ಕಡತ ಹುಡುಕುತ್ತ ಕೊಠಡಿಯೊಳಗೆ ಇದ್ದೇನೆ' ಎಂದು ಪಟ್ಟಿಯಲ್ಲಿ ನಮೂದಿಸಿ ಒಳಹೋದರು. ಅದು ದಾಖಲೆಪಾಲಕರ ಸಾಲಾದ್ದರಿಂದ ಕಾವಲುಗಾರರಿಗೆ ಕಾಣಲಿಲ್ಲ. ಕಾವಲುಗಾರರಿಗೆ ಕಂಡದ್ದು 'ದಾಖಲೆ ಕೊಠಡಿಗೆ ಬೀಗ ಹಾಕುವುದು' ಎಂಬ ತಮ್ಮ ಸಾಲು ಮಾತ್ರ. ಅವರು ಬೀಗ ಹಾಕಿ ಕೀಲಿಯನ್ನು ಗೂಟಕ್ಕೆ ತೂಗುಹಾಕಿದರು. ಇಬ್ಬರೂ ನಿಯಮದಂತೆ ನಡೆದಿರುವುದರಿಂದ ಇಬ್ಬರನ್ನೂ ಪ್ರಶಂಸಿಸಲಾಗಿದೆ.

ಆದಕಾರಣ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ಪಟ್ಟಿಯಲ್ಲಿ 'ಬೀಗ ತೆರೆಯುವುದು' ಎಂಬ ಸಾಲು ಇರುವುದಿಲ್ಲ. ಇಲ್ಲದ ಕೆಲಸವನ್ನು ಯಾರೂ ಮಾಡತಕ್ಕದ್ದಲ್ಲ. ಗೂಟದಲ್ಲಿರುವ ಕೀಲಿಯನ್ನು ನೋಡಲು ಮಾತ್ರ ಅನುಮತಿ ಇರುತ್ತದೆ.

2. ಸದರಿ ಸಾಲನ್ನು ಸೇರಿಸಬಲ್ಲವರು ದಾಖಲೆಪಾಲಕರೊಬ್ಬರೇ. ಅವರ ಕಂಪ್ಯೂಟರ್ ಹೊರಗಿದ್ದು, ಅವರು ಒಳಗಿರುತ್ತಾರೆ. "ಪಾಸ್‌ವರ್ಡ್ ಹೇಳ್ತೀನಿ, ಬರ್ಕೊಳ್ಳಿ ಸ್ವಾಮಿ" ಎಂದು ಅವರು ಬಾಗಿಲ ಹಿಂದಿನಿಂದ ಕೂಗಿರುವುದನ್ನು ಗಂಭೀರ ಲೋಪವೆಂದು ಪರಿಗಣಿಸಲಾಗಿದೆ. ಅಂಥ ವೇಳೆಯಲ್ಲಿ ಸಿಬ್ಬಂದಿಯು ಎರಡೂ ಕಿವಿ ಮುಚ್ಚಿಕೊಳ್ಳತಕ್ಕದ್ದು.

3. ಕೆಳಸಹಿದಾರರು ಸ್ವತಃ ತಿದ್ದುವ ಅನುಮತಿ ಕೋರಿ ಮನವಿ ಸಲ್ಲಿಸಿದ್ದಾರೆ. ಮನವಿಯು ಒಪ್ಪಿಗೆಗಾಗಿ ದಾಖಲೆಪಾಲಕರ ಕಂಪ್ಯೂಟರಿಗೆ ಹೋಗಿರುತ್ತದೆ.

4. ಊಟದ ಡಬ್ಬಿಯೊಂದಿಗೆ ಬಂದ ದಾಖಲೆಪಾಲಕರ ಪತ್ನಿಯವರಿಗೆ, ವಿಶೇಷ ಪ್ರಕರಣವೆಂದು, ಮುಚ್ಚಿದ ಬಾಗಿಲನ್ನು ನೋಡುವ ಅವಕಾಶ ಕಲ್ಪಿಸಲಾಯಿತು. "ಬಾಗಿಲು ನೋಡಿ ನಾನೇನು ಮಾಡ್ಲಿ ಅಣ್ಣಾ? ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಉಣ್ಣದಿದ್ರೆ ಕಣ್ಣು ಕತ್ತಲೆ ಬಂದು ಬಿದ್ದುಬಿಡ್ತಾರೆ. ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಹಾಗಾಯ್ತಲ್ಲ ನಿಮ್ಮ ಕಥೆ" ಎಂದು ಅವರು ನುಡಿದಿರುತ್ತಾರೆ. ಕೆಳಸಹಿದಾರರ ಕರುಳು ಚುರುಕ್ ಎಂದಿರುವುದು ನಿಜ. ಆದರೆ ಕರುಳಿಗೂ ತಿದ್ದುವ ಅನುಮತಿ ಇಲ್ಲದ ಕಾರಣ ಮುಂದುವರಿಯಲು ಸಾಧ್ಯವಾಗಿರುವುದಿಲ್ಲ.

5. ಸಕ್ಕರೆ ಕಾಯಿಲೆಯು ಖಾಸಗಿ ವಿಷಯವಾದ್ದರಿಂದ ಅದನ್ನು ಕಚೇರಿಯ ನೋಟದಿಂದ ಮರೆಮಾಡಲಾಗಿದೆ.

6. ಸೇರ್ಪಡೆ: ಈ ಸುತ್ತೋಲೆ ಬೆರಳಚ್ಚಾಗುತ್ತಿರುವಾಗಲೇ ಸದರಿ ಪತ್ನಿಯವರು ಗೂಟದ ಕೀಲಿ ತೆಗೆದು ಬೀಗ ತೆರೆದಿರುತ್ತಾರೆ. ಅವರ ಹೆಸರೇ ಪಟ್ಟಿಯಲ್ಲಿ ಇಲ್ಲದ್ದರಿಂದ ಅವರನ್ನು ತಡೆಯಲು ಯಾವ ನಿಯಮವೂ ಸಿಗಲಿಲ್ಲ. ದಂಪತಿಯು ಮೆಟ್ಟಿಲ ಮೇಲೆ ಕೂತು ಡಬ್ಬಿ ಖಾಲಿ ಮಾಡಿದ್ದು, ದಾಖಲೆಪಾಲಕರು ಕೈ ತೊಳೆದುಕೊಂಡು ಈ ಕೆಳಗಿನಂತೆ ಹೇಳಿಕೆ ನೀಡಿದ್ದಾರೆ: "ಮನೆಗೆ ಹೋಗ್ತಿದ್ದೀನಿ ಸ್ವಾಮಿ. ನಾನು ಕೊಠಡಿ ಒಳಗೇ ಇದ್ದೀನಿ ಅಂತ ಪಟ್ಟೀಲಿದೆ. ಅದನ್ನ ತಿದ್ದೋರು ಯಾರೂ ಇಲ್ಲ. ದಿನಾ ಹಾಜರಿ ಹಾಕ್ಕೊಳ್ಳಿ."

7. ಪಟ್ಟಿಯೇ ಅಂತಿಮ. ಆದ್ದರಿಂದ ದಾಖಲೆಪಾಲಕರು ಒಳಗಿರುವರೆಂದೇ ಭಾವಿಸತಕ್ಕದ್ದು. ಕೊಠಡಿಗೆ ಮತ್ತೆ ಬೀಗ ಹಾಕಲಾಗಿದೆ. ಅವರು ಇನ್ನೊಮ್ಮೆ ಒಳಗಿನಿಂದ ಪಾಸ್‌ವರ್ಡ್ ಕೂಗಿದಲ್ಲಿ, ಕಲಂ 2ನ್ನು ಸಡಿಲಿಸಿ, ದಯವಿಟ್ಟು ಯಾರಾದರೂ ಬರೆದುಕೊಳ್ಳತಕ್ಕದ್ದು.

ಸಹಿ/-
ಅಧೀಕ್ಷಕರು
(ನೋಡಲು ಮಾತ್ರ)

ಪ್ರತಿಗಳು:
1. ಕಾವಲುಗಾರರಿಗೆ: ಅವರಿಗೆ ಸಂಬಂಧಿಸಿದ ಸಾಲುಗಳು ಮಾತ್ರ.
2. ಬೆರಳಚ್ಚುಗಾರರಿಗೆ: ಬಿಳಿ ಹಾಳೆಯಲ್ಲೇ.
3. ದಾಖಲೆಪಾಲಕರ ಪತ್ನಿಯವರಿಗೆ: ಕೀಲಿ ಹಿಂದಿರುಗಿಸಿದ್ದಕ್ಕೆ ವಂದನೆಗಳೊಂದಿಗೆ.
4. ದಾಖಲೆಪಾಲಕರಿಗೆ: ಖಾಲಿ ಕೊಠಡಿಯ ಬಾಗಿಲ ಸಂದಿನಿಂದ. ಒಳಗಿನಿಂದ ಉತ್ತರ ಬರುವವರೆಗೆ ಕೆಳಸಹಿದಾರರು ಬಾಗಿಲ ಬಳಿಯೇ ಕಾಯುತ್ತಿರುತ್ತಾರೆ.